ಹತ್ತರ ಗೆರೆ

ಸೈಕಲ್ ಚಕ್ರ ಕಟ್ಟುವ ಆ ಹೆಂಗಸನ್ನು ಬೀದಿಯವರೆಲ್ಲ ಎಂಎಂ ಅಕ್ಕ ಎನ್ನುತ್ತಿದ್ದರು. ಸೆಂಟಿಮೀಟರಿನಲ್ಲಿ ಅಳತೆ ಹೇಳಿದರೆ ಸಾಕು, ಅವಳ ಮುಖ ಗಂಟಾಗುತ್ತಿತ್ತು. ಆಗದೆ ಏನು? ಚಕ್ರದ ನಡುವಿನ ಹಬ್‌ನ ಬಿಲ್ಲೆಯಲ್ಲಿ ಕಡ್ಡಿ ತೂರುವ ತೂತುಗಳ ಸುತ್ತು ಎಷ್ಟು ಅಗಲ, ರಿಮ್ಮು ಈ ಬದಿಯಿಂದ ಆ ಬದಿಗೆ ಎಷ್ಟು ಎಂದು ಅಳೆದು, ಕಡ್ಡಿ ಇಷ್ಟೇ ಉದ್ದ ಇರಬೇಕು ಎಂದು ಲೆಕ್ಕ ಹಾಕಿ ಹೇಳುವವಳು ಸುತ್ತಮುತ್ತ ಅವಳೊಬ್ಬಳೇ. ಉಳಿದವರೆಲ್ಲ ಹಳೇ ಕಡ್ಡಿಯ ಪಕ್ಕ ಹೊಸದನ್ನು ಹಿಡಿದು ಅಂದಾಜಿನಲ್ಲೇ ಬದುಕುವ ಪುಣ್ಯಾತ್ಮರು.

ಇಪ್ಪತ್ತಾರು ವರ್ಷದಿಂದ ಅವಳದು ಒಂದೇ ಉಕ್ಕಿನ ಸ್ಕೇಲು. ಅದರ ತುದಿ ಸವೆದು ಮೊದಲ ಗೆರೆಗಳು ಅಳಿಸಿಯೇ ಹೋಗಿದ್ದವು. ಹಾಗಾಗಿ ಹತ್ತನೇ ಮಿಲಿಮೀಟರಿನ ಗೆರೆಯಿಂದ ಅಳೆದು, ಬಂದದ್ದರಲ್ಲಿ ಹತ್ತು ಕಳೆಯುವುದು ರೂಢಿ. ಇದನ್ನು ನೋಡಿ ನೋಡಿ ಸಾಕಾಗಿ ತಮ್ಮ ಹೊಸ ಸ್ಕೇಲು ತಂದುಕೊಟ್ಟ.

"ಇನ್ನು ಕಳೆಯೋ ತಲೆನೋವಿಲ್ಲ ಕಣಕ್ಕ. ಮೊದಲು ನನ್ನ ಸೈಕಲ್ಲಿನ ಹಿಂದಿನ ಚಕ್ರ ಕಟ್ಟಿಕೊಡು," ಎಂದು ಬಾಗಿಲಲ್ಲೇ ನಿಂತು ಜೀವ ತಿಂದ. ಅಂದೇ ಸಂಜೆ ಕಟ್ಟಿಕೊಟ್ಟಳು.

ಮರುದಿನ ಬೆಳಿಗ್ಗೆ ಅಂಥದೇ ಇನ್ನೊಂದು ಹಬ್ ಕೈಗೆ ಬಂತು. ಹೊಸ ಸ್ಕೇಲು ಇಟ್ಟು ನೋಡಿದಳು, ಐವತ್ತೆಂಟು. ಅಳತೆ ಬರೆದಿಡುವ ಪುಸ್ತಕದಲ್ಲಿ ತಮ್ಮನ ಹಬ್‌ನದೂ ಐವತ್ತೆಂಟೇ. ಸರಿ ಎಂದುಕೊಂಡು ಕಣ್ಣು ಇಳಿಸಿದರೆ, ಹಾಳಾದ್ದು ಹೆಬ್ಬೆರಳು ಹತ್ತರ ಗೆರೆಯ ಮೇಲೇ ಕೂತಿದೆ!

ಹೊಸ ಸ್ಕೇಲಲ್ಲವೇ ಎಂದು ತಲೆ ಹತ್ತು ಕಳೆದಿರಲಿಲ್ಲ. ಕೈ ಮಾತ್ರ ನಿನ್ನೆಯೂ ಹಳೇ ಚಾಳಿ ಬಿಡದೆ ಹತ್ತರಿಂದಲೇ ಅಳೆದಿತ್ತು. ಆ ಬಿಲ್ಲೆ ನಿಜಕ್ಕೂ ನಲವತ್ತೆಂಟು. ಬಿಲ್ಲೆ ದೊಡ್ಡದೆಂದುಕೊಂಡರೆ ಲೆಕ್ಕದಲ್ಲಿ ಕಡ್ಡಿ ಗಿಡ್ಡ ಬರುತ್ತದೆ. ಮತ್ತೆ ಗುಣಿಸಿ ನೋಡಿದಳು. ಒಂದೊಂದು ಕಡ್ಡಿಯೂ ಎರಡು ಮಿಲಿಮೀಟರ್ ಮೋಟು! ಅದನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ ಅರ್ಧ ಥ್ರೆಡ್ಡಿನಲ್ಲಿ ಹಿಡಿದುಕೊಂಡಿರುತ್ತದೆ. ನೋಡುವವರಿಗೆ ಚಕ್ರ ನೆಟ್ಟಗೇ ತಿರುಗುತ್ತದೆ. ಭಾರ ಹೊತ್ತು ಇಳಿಜಾರಿನಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಒಂದು ಕಡ್ಡಿ ಕಿತ್ತುಬಂದರೆ ಅದರ ಹಿಂದೆ ಇನ್ನೊಂದು. ಕಡ್ಡಿಯ ತುದಿ ನಿಪ್ಪಲ್ಲಿನ ತಲೆಯ ತನಕ ಬಂದಿದೆಯೇ ಎಂದು ನೋಡದೆ, ಅವಸರದಲ್ಲಿ ಮೇಲೆ ರಬ್ಬರ್ ಪಟ್ಟಿ ಮುಚ್ಚಿದವಳೂ ಅವಳೇ.

ತಮ್ಮ ದಿನಾ ಎಂಟೂವರೆಗೆ ಮಗಳನ್ನು ಕ್ಯಾರಿಯರ್ ಮೇಲೆ ಕೂರಿಸಿಕೊಂಡು, ನೀರಿನ ಟ್ಯಾಂಕಿನ ಇಳಿಜಾರು ಇಳಿದು ಶಾಲೆಗೆ ಬಿಡುತ್ತಿದ್ದ. ಗಡಿಯಾರ ನೋಡಿದಳು. ಎಂಟು ಇಪ್ಪತ್ತೆಂಟು.

ಫೋನ್ ರಿಂಗಾಗುತ್ತಲೇ ಇತ್ತು, ಅವನು ಎತ್ತಲಿಲ್ಲ. ನಿಪ್ಪಲ್ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು, ಅಂಗಡಿಯ ಬಾಗಿಲನ್ನೂ ಹಾಕದೆ, ಇಳಿಜಾರಿನ ಬುಡಕ್ಕೆ ಇಳಿಯುವ ಮೆಟ್ಟಿಲ ದಾರಿಯಲ್ಲಿ ಓಡಿದಳು. 'ಬ್ರೇಕ್ ಹಿಡೀಬೇಡ ಕಣೋ, ಹಿಡೀಬೇಡ' ಎಂದು ಒಳಗೊಳಗೇ ಬಡಬಡಿಸುತ್ತಿದ್ದಳು. ಇಳಿಜಾರಿನ ಬುಡದಲ್ಲಿ ಏಳೆಂಟು ಜನ ಸುತ್ತ ನಿಂತು ಬಗ್ಗಿ ನೋಡುತ್ತಿದ್ದರು. ಅವರನ್ನು ನೂಕಿಕೊಂಡು ಒಳಗೆ ನುಗ್ಗಿದರೆ ತರಕಾರಿ ಗಾಡಿ. "ಏನಮ್ಮಾ, ಕಣ್ಣು ಕಾಣಲ್ವಾ?" ಎಂದು ಯಾರೋ ಗದರಿದರು. ಅವಳಿಗೆ ಅಳು ಬಂತು.

ಶಾಲೆಯ ಗೇಟಿನ ಹತ್ತಿರ ತಮ್ಮ ಒಂದು ಕಾಲು ನೆಲಕ್ಕೂರಿ ನಿಂತಿದ್ದ. ಹಿಂದೆ ಕೂತಿದ್ದ ಹುಡುಗಿ ಕೈಬೀಸಿದಳು.

"ಅತ್ತೇ! ಅಪ್ಪ ಇವತ್ತು ಮೇಲಿಂದ ಕೆಳಗಿನ ತನಕ ಬ್ರೇಕೇ ಹಿಡೀಲಿಲ್ಲ. ಅತ್ತೆ ಕಟ್ಟಿರೋ ಚಕ್ರ, ಏನೂ ಆಗಲ್ಲ ಅಂದ."

"ಇಳಿಸೋ ಅವಳನ್ನ!" ಅಕ್ಕ ಕಿರುಚಿದಳು. "ಕಡ್ಡಿ ಗಿಡ್ಡ ಕಣೋ. ತಪ್ಪು ಅಳೆದಿದ್ದೀನಿ."

"ನೀನು? ತಪ್ಪು ಅಳೆಯೋದು? ಹೋಗಕ್ಕ, ಬೆಳಿಗ್ಗೆ ಬೆಳಿಗ್ಗೆ ತಮಾಷೆ ಮಾಡ್ತೀಯ," ಎಂದು ಅವನು ನಕ್ಕ. ಮಗಳನ್ನೇನೋ ಇಳಿಸಿದ.

ಅಕ್ಕ ಕುಕ್ಕರುಗಾಲಲ್ಲಿ ಕೂತು ಒಂದು ನಿಪ್ಪಲ್ಲಿಗೆ ಕೀಲಿ ಹಾಕಿ ಸಡಿಲಿಸತೊಡಗಿದಳು. ಹತ್ತು ಹನ್ನೊಂದು ಸುತ್ತಾದರೂ ಹಿಡಿಯಬೇಕಿದ್ದ ಕಡ್ಡಿ ಐದನೇ ಸುತ್ತಿಗೇ ಕಳಚಿ ಅವಳ ಮೊಣಕಾಲಿಗೆ ತಾಗಿತು.

ತಮ್ಮನ ನಗು ನಿಂತುಹೋಯಿತು. ಇಳಿಜಾರಿನ ಕಡೆ ತಿರುಗಿ ನೋಡಿ, ಮಗಳನ್ನು ಕಾಲಿಗೆ ಅವುಚಿಕೊಂಡ. ಅಕ್ಕ ತಲೆ ಎತ್ತದೆ ಬೈಗುಳಕ್ಕೆ ಕಾದಳು. ಬೈಯಲಿ, ನಾಲ್ಕು ಜನರೆದುರೇ ಬೈಯಲಿ ಎಂದುಕೊಂಡಳು.

"ಸೈಕಲ್ ಇಲ್ಲೇ ಬಿಟ್ಟಿರ್ತೀನಿ," ಎಂದ ಅವನು. "ಸಂಜೆಯೊಳಗೆ ಮತ್ತೆ ಕಟ್ಟಿಡಕ್ಕ. ನೀನೇ ಕಟ್ಟು. ಬೇರೆಯವರು ಕಟ್ಟಿದ ಚಕ್ರದ ಮೇಲೆ ಇವಳನ್ನ ಕೂರಿಸಲ್ಲ ನಾನು."

ಅವನು ಬೈದಿದ್ದರೆ ಅವಳಿಗೆ ಅಷ್ಟು ಭಯವಾಗುತ್ತಿರಲಿಲ್ಲ.