ಬೇರೆಯವರ ಖಾತೆಗೆ ಹೋದ ಬಾಡಿಗೆ

ಮನೆಯ ಬಿಲ್ಲುಗಳನ್ನು ಕಟ್ಟುವ ಕೆಲಸವನ್ನು ನನ್ನ ಗಂಡನ ಕೈಯಿಂದ ಕಿತ್ತುಕೊಂಡವಳು ನಾನೇ. ಅವರು ಎರಡು ತಿಂಗಳು ಕರೆಂಟ್ ಬಿಲ್ ಕಟ್ಟಲು ಮರೆತು, ಲೈನ್‌ಮನ್ ಬಂದು ಫ್ಯೂಸ್ ತೆಗೆದುಕೊಂಡು ಹೋದ ದಿನ ನಾನು ಅರ್ಧ ರುಬ್ಬಿದ ದೋಸೆ ಹಿಟ್ಟನ್ನು ಪಾತ್ರೆಗೆ ತೋಡಿಕೊಂಡು ಪಕ್ಕದ ಮನೆಗೆ ಹೋಗಿ ರುಬ್ಬಿಸಿಕೊಂಡು ಬಂದಿದ್ದೆ. ಅವರು ಕೆಲಸದಿಂದ ಬಂದ ಕೂಡಲೇ, "ಇನ್ಮೇಲೆ ಇದೆಲ್ಲ ನಾನೇ ನೋಡ್ಕೋತೀನಿ. ನೀವು ಮುಟ್ಲೇಬೇಡಿ" ಅಂದೆ. ಅವರಿಗೂ ಅದೇ ಬೇಕಾಗಿತ್ತೋ ಏನೋ, ಮರುಮಾತಾಡದೆ ಒಪ್ಪಿಕೊಂಡರು.

ನಾನು ಬಸವೇಶ್ವರನಗರದ ಒಂದು ಶಾಲೆಯ ಆಫೀಸಿನಲ್ಲಿ ಫೀಸ್ ತೆಗೆದುಕೊಳ್ಳುವ ಕೆಲಸದಲ್ಲಿದ್ದೇನೆ. ದಿನವಿಡೀ ಬೇರೆಯವರ ಪೇಮೆಂಟುಗಳನ್ನು ನೋಡುವವಳು. ಅಪ್ಪ ಅಮ್ಮಂದಿರು ಅವಸರದಲ್ಲಿ ಮೊತ್ತ ತಪ್ಪು ಹಾಕಿದರೆ, "ಸಾರ್, ಕಳಿಸೋ ಮುಂಚೆ ಒಂದ್ಸಲ ನೋಡ್ಕೋಬಾರ್ದಾ?" ಎಂದು ಹೇಳಿದ್ದೂ ಉಂಟು. ಮನೆಯಲ್ಲಿ ಮಾತ್ರ ನನ್ನಿಂದಲೂ ಸಣ್ಣಪುಟ್ಟ ಎಡವಟ್ಟುಗಳು ಆಗುತ್ತಿದ್ದವು. ಇಂಟರ್ನೆಟ್ಟಿನ ದುಡ್ಡನ್ನು ಒಂದೇ ತಿಂಗಳಲ್ಲಿ ಎರಡು ಸಲ ಕಟ್ಟಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ನಮ್ಮದು ಕುರುಬರಹಳ್ಳಿಯಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಕೆಳಗೆ ಓನರ್ ಆಂಟಿ ಇರುತ್ತಾರೆ. ಈಗ ಮನೆಗಳು ಸಾಲಾಗಿ ನಿಂತಿರುವ ಜಾಗದಲ್ಲಿ ರಾಗಿ ಹೊಲಕ್ಕೆ ಬುತ್ತಿ ಹೊತ್ತವರು ಅವರು, ಇಲ್ಲಿಯ ಹಳೇ ಕುಟುಂಬದವರು. ಆ ತಿಂಗಳು ಅವರು ಹೊಸ ಸಿಮ್ ತೆಗೆದುಕೊಂಡಿದ್ದರು. ಒಂದು ಮಂಗಳವಾರ ಬೆಳಿಗ್ಗೆ ಮೆಟ್ಟಿಲ ಕೆಳಗೆ ನಿಂತು, "ಬಾಡ್ಗೆ ಹೊಸಾ ನಂಬರಿಗೆ ಹಾಕಮ್ಮ, ಬರ್ಕೋ" ಎಂದು ಕೂಗಿದರು. ಒಲೆಯ ಮೇಲೆ ಕುಕ್ಕರು ಕೂಗುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಅವರು ಹೇಳಿದ ಹಾಗೆ ಫೋನಿನಲ್ಲಿ ಒತ್ತಿಕೊಂಡೆ. ಪರದೆಯ ಮೇಲೆ ಆಂಟಿಯ ಹೆಸರೇ ಬಂತು. ಇಂಗ್ಲಿಷ್ ಅಕ್ಷರಗಳಲ್ಲಿ, ಅವರದೇ ಹೆಸರು. ಇನ್ನೇನು ಅನುಮಾನ? ಹದಿನೆಂಟು ಸಾವಿರ ಕಳಿಸಿ, ಡಬ್ಬಿ ಕಟ್ಟಿಕೊಂಡು ಶಾಲೆಗೆ ಹೋದೆ.

ಸಂಜೆ ಬಂದಾಗ ಆಂಟಿ ಗೇಟಿನ ಹತ್ತಿರವೇ ಇದ್ದರು.

"ಯಾಕಮ್ಮ, ಬಾಡ್ಗೆ ಇನ್ನೂ ಹಾಕಿಲ್ವಾ?"

"ಬೆಳಿಗ್ಗೇನೇ ಹಾಕಿದೀನಲ್ಲ ಆಂಟಿ."

"ಬಂದಿಲ್ಲ ಕಣಮ್ಮ. ಎರಡ್ಸಲ ನೋಡ್ದೆ."

ಇಬ್ಬರೂ ಫೋನುಗಳನ್ನು ಅಕ್ಕಪಕ್ಕ ಹಿಡಿದು ನಂಬರುಗಳನ್ನು ಹೋಲಿಸಿ ನೋಡಿದೆವು. ಕೊನೆಯಿಂದ ಮೂರನೆಯ ಅಂಕಿ ಬೇರೆ ಇತ್ತು. ಅವರು ನೈನ್ ಅಂದಿದ್ದರು, ನಾನು ಫೈವ್ ಒತ್ತಿದ್ದೆ. ಅದೇ ಹೆಸರಿನ ಇನ್ಯಾರದೋ ಖಾತೆಗೆ ನಮ್ಮ ಬಾಡಿಗೆ ಹೋಗಿತ್ತು.

ಮನೆಗೆ ಹೋಗಿ ಆ ನಂಬರಿಗೆ ಫೋನ್ ಮಾಡಿದೆ. ಹೆಣ್ಣು ಧ್ವನಿ. ನನ್ನಷ್ಟೇ ವಯಸ್ಸಿನವರಿರಬಹುದು ಅನ್ನಿಸಿತು.

"ಮೇಡಂ, ಇವತ್ತು ಬೆಳಿಗ್ಗೆ ನನ್ನಿಂದ ತಪ್ಪಾಗಿ ನಿಮ್ಮ ಅಕೌಂಟಿಗೆ ದುಡ್ಡು ಬಂದಿದೆ..."

ನಾನು ಮುಗಿಸುವ ಮುಂಚೆಯೇ ಆಕೆ, "ಹಿಂಗ ಹೇಳಿನ ಹೋದ ವರ್ಷ ನನ್ನ ಎಂಟು ಸಾವಿರ ತಿಂದಾರ್ರಿ. ಇನ್ನೊಮ್ಮೆ ಫೋನ್ ಹಚ್ಚಿದ್ರ ಪೊಲೀಸ್ರಿಗೆ ಹೇಳ್ತೀನಿ ನೋಡ್ರಿ" ಅಂದರು. ಫೋನ್ ಇಟ್ಟರು. ಮತ್ತೆ ಮಾಡಿದರೆ ಹೋಗಲೇ ಇಲ್ಲ. ಬ್ಲಾಕ್ ಮಾಡಿದ್ದರು.

ದುಡ್ಡು ಹೋದದ್ದಕ್ಕಿಂತ ಆ ಮಾತು ನನ್ನನ್ನು ಹೆಚ್ಚು ಚುಚ್ಚಿತು. ಇಪ್ಪತ್ತು ವರ್ಷದಿಂದ ಬೇರೆಯವರ ದುಡ್ಡು ಎಣಿಸಿದವಳು ನಾನು, ಒಂದು ರೂಪಾಯಿಗೂ ಮಾತು ಕೇಳಿಸಿಕೊಂಡವಳಲ್ಲ. ಈಗ ನನ್ನದೇ ದುಡ್ಡನ್ನು ವಾಪಸ್ ಕೇಳಿ ಕಳ್ಳಿ ಅನ್ನಿಸಿಕೊಂಡಿದ್ದೆ. ಆದರೂ ಆಕೆಯ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಅಂಥ ಫೋನು ನನಗೆ ಬಂದಿದ್ದರೆ ನಾನೂ ಹಾಗೇ ಇಡುತ್ತಿದ್ದೆ.

ಗಂಡನಿಗೆ ಹೇಳದೆ ಇರೋಣ ಅಂದುಕೊಂಡಿದ್ದೆ. ಊಟಕ್ಕೆ ಕುಳಿತಾಗ ನನ್ನ ಮುಖ ನೋಡಿ ಅವರೇ ಕೇಳಿದರು. ಹೇಳಿಬಿಟ್ಟೆ. ಕರೆಂಟ್ ಬಿಲ್ಲಿನ ಮಾತು ತೆಗೆಯುತ್ತಾರೆ ಎಂದು ಕಾಯುತ್ತಿದ್ದೆ. ಅವರು ತೆಗೆಯಲಿಲ್ಲ. "ನಾಳೆ ಬ್ಯಾಂಕಿಗೆ ಹೋಗು. ಒಬ್ಳೇ ಹೋಗ್ತೀಯಾ, ನಾನೂ ಬರ್ಲಾ?" ಅಂದರು ಅಷ್ಟೆ.

ನಾನೊಬ್ಬಳೇ ಹೋದೆ. ಬ್ಯಾಂಕಿನಲ್ಲಿದ್ದ ಹುಡುಗಿ ತಾಳ್ಮೆಯಿಂದ ಕೇಳಿಸಿಕೊಂಡು, ಅರ್ಜಿ ಬರೆಸಿಕೊಂಡಳು. "ನಾವು ಅವರ ಬ್ಯಾಂಕಿಗೆ ಬರೀತೀವಿ ಮೇಡಂ. ಆದ್ರೆ ಅವರು ಒಪ್ಪದೆ ದುಡ್ಡು ತೆಗೆಯೋಕ್ಕಾಗಲ್ಲ. ಸ್ವಲ್ಪ ದಿನ ಆಗುತ್ತೆ" ಅಂದಳು. ಎಷ್ಟು ದಿನ ಎಂದು ಕೇಳಿದೆ. ಅವಳಿಗೂ ಗೊತ್ತಿರಲಿಲ್ಲ. ದುಡ್ಡು ಕಳಿಸಿದ ಆ್ಯಪಿನಲ್ಲೂ ದೂರು ದಾಖಲಿಸಿದೆ. ಅಲ್ಲಿಂದ ಬಂದ ಉತ್ತರದಲ್ಲಿ ನನ್ನ ಪೇಮೆಂಟು ಯಶಸ್ವಿಯಾಗಿದೆ ಎಂದಿತ್ತು. ಬುಧವಾರ, ಗುರುವಾರ ಹೀಗೇ ಕಳೆದವು. ಮತ್ತೆ ಹದಿನೆಂಟು ಸಾವಿರ ಹೊಂದಿಸಬೇಕೆಂದರೆ ಚೀಟಿಗೆ ಕಟ್ಟಲು ಇಟ್ಟದ್ದನ್ನು ಮುಟ್ಟಬೇಕಿತ್ತು.

ಗುರುವಾರ ಸಂಜೆ ಆಂಟಿಯ ಮನೆಗೆ ಹೋಗಿ, "ಒಂದು ವಾರ ಟೈಮ್ ಕೊಡಿ ಆಂಟಿ, ಹೆಂಗಾದ್ರೂ ಕೊಡ್ತೀನಿ" ಅಂದೆ. ಅವರು ಅವರೆಕಾಯಿ ಸುಲಿಯುತ್ತಿದ್ದರು. ಕೈ ಒರೆಸಿಕೊಂಡು, "ಆ ನಂಬರ್ ಕೊಡಿಲ್ಲಿ. ನಾನ್ ಮಾತಾಡ್ತೀನಿ" ಅಂದರು.

ಬೇಡ ಆಂಟಿ, ಬೈತಾರೆ ಎಂದರೂ ಕೇಳಲಿಲ್ಲ. ತಮ್ಮ ಫೋನಿನಿಂದಲೇ ಸ್ಪೀಕರ್ ಹಾಕಿ ಮಾಡಿದರು. ಆಕೆ ಎತ್ತಿದರು.

"ನೋಡಮ್ಮ, ಫೋನ್ ಇಡ್ಬೇಡ. ನಾನೇನೂ ಕೇಳಲ್ಲ. ನಿನ್ನ ಹೆಸರೇ ನಂದೂನೂ. ಅದಕ್ಕೇ ಈ ಎಡವಟ್ಟಾಗಿದ್ದು. ನಮ್ಮನೆ ಬಾಡ್ಗೆ ಅದು. ಈ ಮಗು ನಾಲ್ಕು ವರ್ಷದಿಂದ ನಮ್ಮ ಮೇಲ್ಗಡೆ ಅವಳೆ, ಸುಳ್ಳು ಹೇಳೋಳಲ್ಲ."

ನಲವತ್ತಾರು ವರ್ಷದ ನನ್ನನ್ನು ಅವರು ಮಗು ಅಂದರು.

ಆ ಕಡೆಯಿಂದ ಆಕೆ, "ಆಂಟಿ, ನಿಮ್ಮ ರೊಕ್ಕ ನನಗ ಬ್ಯಾಡ್ರಿ. ನಾ ಅದನ್ನ ಮುಟ್ಟಿಲ್ಲ. ಆದ್ರ ಫೋನಿನ್ಯಾಗ ಕೊಡಂಗಿಲ್ಲ. ನನ್ನ ಬ್ಯಾಂಕಿಗೆ ಬರ್ರಿ. ಅಲ್ಲಿ ಸಾಹೇಬ್ರು ನೋಡಿ ಹೌದಂದ್ರ ಕೊಡ್ತೀನಿ" ಎಂದರು.

"ಅದೇ ಸರಿ ಕಣಮ್ಮ. ಎಲ್ಲಿಗ್ ಬರ್ಬೇಕು ಹೇಳು" ಅಂದರು ಆಂಟಿ.

ಮೈಸೂರು ರಸ್ತೆಯ ದೀಪಾಂಜಲಿ ನಗರದ ಹತ್ತಿರ ಆಕೆಯ ಬ್ಯಾಂಕು. ತಿಂಗಳ ಮೊದಲ ಶನಿವಾರವಾದ್ದರಿಂದ ತೆರೆದಿರುತ್ತದೆ ಎಂದು ವಿಚಾರಿಸಿಕೊಂಡು ಶನಿವಾರ ಬೆಳಿಗ್ಗೆ ಆಟೋ ಹತ್ತಿದೆವು. ಆಂಟಿ ಒಳ್ಳೆಯ ಸೀರೆ ಉಟ್ಟು, ಬಾಡಿಗೆ ಕರಾರು ಪತ್ರವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಿಡಿದುಕೊಂಡಿದ್ದರು. ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಆಕೆ ಬರದಿದ್ದರೆ?

ಬಂದಿದ್ದರು. ಬ್ಯಾಂಕಿನ ಬಾಗಿಲ ಪಕ್ಕದ ಬೆಂಚಿನ ಮೇಲೆ, ಬ್ಯಾಗನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಕುಳಿತಿದ್ದರು. ಧ್ವನಿ ಕೇಳಿ ನನ್ನ ವಯಸ್ಸಿನವರು ಅಂದುಕೊಂಡಿದ್ದೆ. ನೋಡಿದರೆ ಮೂವತ್ತು ದಾಟಿರದ ಹೆಂಗಸು. ವಿಜಯಪುರದ ಕಡೆಯವಳು, ಹತ್ತಿರದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಕೆಲಸ. ಅರ್ಧ ದಿನ ರಜೆ ಹಾಕಿ ಬಂದಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ಆದರೆ ಹತ್ತಿರ ಬರಲಿಲ್ಲ.

ಒಳಗಿದ್ದ ಅಧಿಕಾರಿ ನನ್ನ ಫೋನು, ಪಾಸ್‌ಬುಕ್ಕು, ಅವಳ ಖಾತೆ ಎಲ್ಲವನ್ನೂ ನೋಡಿದರು. "ಇವರ ಅಕೌಂಟಿಂದಾನೇ ಬಂದಿರೋದಮ್ಮ. ದುಡ್ಡು ನಿಜವಾಗ್ಲೂ ಬಂದಿದೆ. ಅದೇ ಅಕೌಂಟಿಗೆ ವಾಪಸ್ ಹಾಕ್ಬೋದು. ನಿಮಗೇನೂ ತೊಂದ್ರೆ ಆಗಲ್ಲ" ಎಂದು ಅವಳಿಗೆ ಹೇಳಿದರು.

ಅವಳು, "ಮತ್ತ ನನ್ನ ಖಾತೆ ಬಂದ್ ಮಾಡಂಗಿಲ್ಲಲ್ರಿ ಸಾಹೇಬ್ರ?" ಎಂದು ಕೇಳಿದಳು.

ಆಗಲೇ ನನಗೆ ಗೊತ್ತಾದದ್ದು. ಯಾರದೋ ಕದ್ದ ದುಡ್ಡು ಖಾತೆಗೆ ಬಂದರೆ ಪೊಲೀಸರು ಖಾತೆಯನ್ನೇ ನಿಲ್ಲಿಸುತ್ತಾರೆ ಎಂದು ಕಾರ್ಖಾನೆಯಲ್ಲಿ ಯಾರೋ ಅವಳನ್ನು ಹೆದರಿಸಿದ್ದರು. ಅವಳ ಸಂಬಳವೂ ಅದೇ ವಾರ ಅದೇ ಖಾತೆಗೆ ಬಂದಿತ್ತು. ಒಂದು ರೂಪಾಯಿ ತೆಗೆದರೂ ತಾನೂ ಕಳ್ಳಿ ಆಗುತ್ತೇನೆ ಎಂದು ಅವಳು ಖಾತೆಯನ್ನು ಮುಟ್ಟಿಯೇ ಇರಲಿಲ್ಲ. ಅವಳ ಮನೆಯ ಬಾಡಿಗೆಯೂ ಬಾಕಿ ಉಳಿದಿತ್ತು. ಕಿರಾಣಿ ಅಂಗಡಿಯಲ್ಲಿ ಸಾಲ ಬರೆಸಿ ಅಕ್ಕಿ ತಂದಿದ್ದಳು. ನಾನು ನಿದ್ದೆಗೆಟ್ಟ ನಾಲ್ಕು ರಾತ್ರಿ ಅವಳೂ ನಿದ್ದೆ ಮಾಡಿರಲಿಲ್ಲ.

"ಇಲ್ಲಮ್ಮ, ಏನೂ ಮಾಡಲ್ಲ" ಎಂದರು ಅಧಿಕಾರಿ.

ಅವಳು ಬ್ಯಾಂಕಿನ ಚೀಟಿ ತುಂಬಿಸಿ ರುಜು ಹಾಕಿದಳು. ಸ್ವಲ್ಪ ಹೊತ್ತಿನಲ್ಲಿ ನನ್ನ ಫೋನಿಗೆ ಮೆಸೇಜು ಬಂತು. ಹದಿನೆಂಟು ಸಾವಿರ, ಪೂರ್ತಿ. ನಾನು ಅವಳ ಕೈ ಹಿಡಿದುಕೊಂಡೆ. "ನನ್ನಿಂದ ನಿಮಗೆ ತುಂಬಾ ತೊಂದರೆ ಆಯ್ತು" ಅಂದೆ.

"ನಾ ನಿಮಗ ಹಂಗ ಅನಬಾರದಿತ್ತು ಅಕ್ಕಾರ" ಅಂದಳು ಅವಳು. ಅವಳ ಕಣ್ಣು ತುಂಬಿತ್ತು, ಆದರೆ ನಗುತ್ತಿದ್ದಳು.

ರಸ್ತೆಯಾಚೆಯ ಹೋಟೆಲಿನಲ್ಲಿ ಆಂಟಿ ಮೂವರಿಗೂ ಇಡ್ಲಿ, ಕಾಫಿ ಹೇಳಿದರು. ದುಡ್ಡು ಕೊಡಲು ಹೋದ ನನ್ನನ್ನು ತಡೆದು, ಸೆರಗಿನ ತುದಿಯಲ್ಲಿ ಗಂಟು ಹಾಕಿದ್ದ ನೋಟನ್ನು ಬಿಚ್ಚಿ ಅವರೇ ಕೊಟ್ಟರು. ಅವಳು ಮೊದಲು ಬೇಡ ಬೇಡ ಅಂದವಳು ಆಮೇಲೆ ನಾಲ್ಕು ಇಡ್ಲಿ ತಿಂದಳು. ಆಂಟಿ ಅವಳ ಊರು, ಮಕ್ಕಳು, ಗಂಡನ ಕೆಲಸ ಎಲ್ಲವನ್ನೂ ವಿಚಾರಿಸಿಕೊಂಡರು. ಅವಳ ಗಂಡ ಊಟದ ಪಾರ್ಸೆಲ್ ತಲುಪಿಸುವ ಗಾಡಿ ಓಡಿಸುತ್ತಾನಂತೆ. ಅಲ್ಲಿಯೇ ಕುಳಿತು ಅವಳು ತನ್ನ ಮನೆಯ ಬಾಡಿಗೆಯನ್ನು ಫೋನಿನಿಂದ ಕಳಿಸಿದಳು. ಕಳಿಸುವ ಮುಂಚೆ ಆ ನಂಬರನ್ನು ನನ್ನಿಂದ ಗಟ್ಟಿಯಾಗಿ ಓದಿಸಿದಳು. ನಾನು ಒಂದೊಂದೇ ಅಂಕಿಯನ್ನು ಕನ್ನಡದಲ್ಲಿ ಓದಿದೆ.

ಆಂಟಿಗೆ ಕೊಡಬೇಕಾದದ್ದನ್ನು ಆಟೋದಲ್ಲಿ ಕಳಿಸಲು ನನಗೆ ಧೈರ್ಯ ಬರಲಿಲ್ಲ. ಮನೆಗೆ ಬಂದು, ಅವರ ಪಕ್ಕದಲ್ಲೇ ಕುಳಿತು, ಮೊದಲು ಒಂದು ರೂಪಾಯಿ ಕಳಿಸಿದೆ. "ಬಂತು" ಅಂದರು. ಆಮೇಲೆ ಪೂರ್ತಿ ಹದಿನೆಂಟು ಸಾವಿರ ಕಳಿಸಿದೆ. "ಬಂತಮ್ಮ. ಒಂದ್ ರೂಪಾಯಿ ಜಾಸ್ತಿನೇ ಬಂದೈತೆ" ಅಂದರು.

ಮೇಲೆ ಬಂದು ಗಂಡನಿಗೆ ವಿಷಯ ಹೇಳಿದೆ. ಅವರು ಮಾಡಿಟ್ಟಿದ್ದ ಅನ್ನ ಸಾರು ಉಂಡು ಹಾಸಿಗೆಗೆ ಬಿದ್ದವಳು, ಸಂಜೆ ಹಾಲಿನವನು ಬೆಲ್ ಒತ್ತುವವರೆಗೂ ಏಳಲಿಲ್ಲ.