ಕಲ್ಲಂಗಡಿಗೆ ಖಾರ

ನನ್ನ ಹೆಂಡತಿ ನನ್ನ ಅಡುಗೆಯನ್ನು ಹೊಗಳತೊಡಗಿದಾಗ ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಮದುವೆಯಾದಾಗಿನಿಂದ ಆಕೆ ನನ್ನ ಕೈಯ ಚಹಾವನ್ನು ಕೂಡ ಹೊಗಳಿದವಳಲ್ಲ. "ಚಹಾ ಮಾಡೀರೋ, ಪಾತೇಲಿ ತೊಳದ ನೀರು ಕಾಸೀರೋ?" ಎಂದು ಕೇಳುವ ಹೆಂಗಸು. ಅಂಥವಳು ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ನಾನು ಮಾಡಿದ ಅನ್ನವನ್ನು ಎರಡು ತುತ್ತು ಬಾಯಿಗಿಟ್ಟುಕೊಂಡು, ತಾಟನ್ನು ಪಕ್ಕಕ್ಕೆ ಸರಿಸಿ, "ಚಲೋ ಆಗೇದ್ರಿ" ಅಂದಳು. ಅನ್ನ ಸೀದಿತ್ತು. ಮನೆತುಂಬ ಕರಕಲು ವಾಸನೆ ಹರಡಿ ನಾನು ಕಿಟಕಿಗಳನ್ನೆಲ್ಲ ತೆರೆದಿಟ್ಟಿದ್ದೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಸೀದದ ಅಂತ ಅನ್ನಾಕ ಏನ್ ಧಾಡಿ ನಿನಗ?" ಎಂದು ಒದರಿಬಿಟ್ಟೆ.

ಆಕೆ ತಿರುಗಿ ಒದರಲಿಲ್ಲ. "ನೀವು ಇಷ್ಟ ಬೆವರು ಸುರಿಸಿ ಮಾಡ್ತೀರಿ. ನನಗ ಒಂದೂ ತಿಳೀವಲ್ದು. ಮತ್ತೇನ್ ಅನ್ಲಿ?" ಅಂದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆ ಅನ್ನದ ಪಾತ್ರೆ ತಿಕ್ಕುವಾಗ ನನಗೆ ಅಳು ಬಂತು, ಹೇಳುವುದಕ್ಕೆ ನಾಚಿಕೆಯೇನಿಲ್ಲ.

ಆದದ್ದು ಇಷ್ಟು. ಹೋಳಿ ಹುಣ್ಣಿಮೆಯ ಹೊತ್ತಿಗೆ ಅವಳಿಗೆ ಜ್ವರ ಬಂತು. ದವಾಖಾನೆಯಲ್ಲಿ ಮಲಗಿಸಿ ಸಲೈನ್ ಹಚ್ಚಿದರು, ಜ್ವರ ಇಳಿಯಿತು. ಆದರೆ ಹೋಗುವಾಗ ಆ ಹಾಳು ಜ್ವರ ಅವಳ ನಾಲಿಗೆಯ ರುಚಿಯನ್ನೂ ಕಟ್ಟಿಕೊಂಡು ಹೋಗಿತ್ತು. ಉಪ್ಪು, ಹುಳಿ, ಸಿಹಿ, ಯಾವುದೂ ಗೊತ್ತಾಗದು. "ಬಾಯಾಗ ಕಾಗದ ಅಗದಂಗ ಆಗ್ತದ" ಅನ್ನುತ್ತಿದ್ದಳು. ಬಿಸಿ ಅಡುಗೆಯ ಹೊಗೆಗೇ ಅವಳಿಗೆ ಹೊಟ್ಟೆ ತೊಳಸುತ್ತಿತ್ತು. ರುಚಿ ಬಹುತೇಕ ತಾನಾಗಿಯೇ ಬರುತ್ತದೆ, ಕೆಲವರಿಗೆ ಬಾರದೆಯೂ ಇರಬಹುದು ಅಂದರು ಡಾಕ್ಟರು. ಅಲ್ಲಿಯತನಕ ತಿನ್ನುವುದನ್ನು ಬಿಡಬಾರದು, ತೂಕ ಹೀಗೇ ಇಳಿಯುತ್ತ ಹೋದರೆ ಮುಂದಿನ ವಾರ ಮತ್ತೆ ದವಾಖಾನೆಗೆ ಭರ್ತಿ ಮಾಡಲೇಬೇಕು ಎಂದೂ ಹೇಳಿದರು. ವಾಪಸು ಬರುವಾಗ ರಿಕ್ಷಾದಲ್ಲಿ ಆಕೆ ನನ್ನ ಕೈ ಹಿಡಿದುಕೊಂಡು, "ಮತ್ತ ಅಲ್ಲಿಗೆ ಒಯ್ಯಬ್ಯಾಡ್ರಿ. ನಿಮ್ಮ ಕಾಲ ಬೀಳ್ತೀನಿ" ಅಂದಳು. ಜಗಳದಲ್ಲಿ ಒಂದು ದಿನವೂ ಸೋಲದವಳು ಕಾಲು ಬೀಳುವ ಮಾತಾಡಿದ್ದು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ನಾನು ಸಿಗ್ನಲ್ಲಿನ ಕಡೆ ನೋಡುತ್ತ ಕೂತೆ.

ಅವಳ ನಾಲಿಗೆ ಎಂಥದ್ದಿತ್ತು ಎಂಬುದನ್ನು ಹೇಳದಿದ್ದರೆ ಈ ಸಂಕಟ ತಿಳಿಯುವುದಿಲ್ಲ. ಬಾಗಲಕೋಟೆ ಕಡೆಯವಳು. ನಾನು ಪುಣೆ ಹತ್ತಿರದ ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದಾಗ ಮದುವೆಯಾಗಿ ಚಿಂಚವಾಡಕ್ಕೆ ಬಂದಳು. ಇಲ್ಲಿಯ ನಮ್ಮ ಕನ್ನಡದ ಜನರ ಮನೆಗಳಲ್ಲಿ ಮದುವೆಯೋ ಸೀಮಂತವೋ ಇದ್ದರೆ ಸಾರು ಇಳಿಸುವ ಮೊದಲು ಅವಳನ್ನು ಕರೆಯುತ್ತಿದ್ದರು. ಬಲಗೈಯ ಅಂಗೈ ಚಾಚುವಳು, ಅದರ ಮೇಲೆ ಒಂದು ಹನಿ ಬೀಳುವುದು, ನೆಕ್ಕಿ ಕಣ್ಣು ಮುಚ್ಚುವಳು. "ಉಪ್ಪು ಒಂಚೂರು. ಹುಣಚಿ ಸಾಕು" ಅಂದರೆ ಮುಗಿಯಿತು, ಅಡುಗೆಯವರು ಎದುರು ಮಾತಾಡುತ್ತಿರಲಿಲ್ಲ. ಈಗ ಅದೇ ಅಂಗೈಯಲ್ಲಿ ಗುಳಿಗೆ ಹಿಡಿದು ಕೂತಿರುತ್ತಿದ್ದಳು.

ಮಗಳು ತಳೇಗಾಂವದಲ್ಲಿರುತ್ತಾಳೆ. ದಿನಾ ಫೋನು, ರವಿವಾರ ಬಂದು ಹೋಗುತ್ತಾಳೆ. ಅವಳೇ ಒಂದು ಮುಂಜಾನೆ ನನ್ನ ಮೊಬೈಲಿಗೆ ವಿಡಿಯೋ ಕಳಿಸಿ, "ಅಪ್ಪಾ, ಅವ್ವಗ ತಂಪಂದು ಏನರ ಕೊಟ್ಟು ನೋಡು. ಕಲ್ಲಂಗಡಿ ಸಲಾಡ್ ಮಾಡು. ಸಿಹಿನೂ ಇರ್ತದ, ಖಾರನೂ ಇರ್ತದ. ನಾಲಗಿ ಎಚ್ಚರಾದ್ರ ಆಗಬಹುದು" ಅಂದಳು.

ವಿಡಿಯೋದಲ್ಲಿ ಒಬ್ಬ ಹುಡುಗಿ ನಗುನಗುತ್ತ ಕಲ್ಲಂಗಡಿಯ ಮೇಲೆ ಚೀಜ್ ಉದುರಿಸುತ್ತಿದ್ದಳು.

"ಕಲ್ಲಂಗಡಿಗೆ ಚೀಜ್ ಹಾಕತಾರೇನ ಯಾರರ? ಹುಚ್ಚಗಿಚ್ಚ ಹಿಡದದೇನು?"

"ಚೀಜ್ ಬಿಡಪಾ ಮಾರಾಯ, ಶೇಂಗಾ ಹಾಕು. ಜೇನಿನ ಬದಲಿ ಬೆಲ್ಲ ಹಾಕು. ಖಾರ ಮಾತ್ರ ಕಡೀಕ ಹಾಕು, ಕೊಡೋ ಮುಂದ."

ಅಂದರೆ ನಮ್ಮ ಕೋಸಂಬರಿಯೇ, ಹೆಸರು ಮಾತ್ರ ಹೊಸದು. ಅಷ್ಟು ನನ್ನಿಂದ ಆದೀತು ಅನ್ನಿಸಿತು.

ರಸ್ತೆಯಂಚಿಗೆ ಟೆಂಪೋದಲ್ಲಿ ಕಲ್ಲಂಗಡಿ ಗುಡ್ಡೆ ಹಾಕಿಕೊಂಡು ಮಾರುತ್ತಿದ್ದರು. ನಾನು ಹೆಂಡತಿ ಮಾಡುವಂತೆಯೇ ಹಣ್ಣನ್ನು ಕಿವಿಗೆ ಹಿಡಿದು ಬೆರಳಿನಿಂದ ಟಕಟಕ ಬಡಿದೆ. ಏನು ಕೇಳಬೇಕೆಂಬುದು ನನಗೆ ಇವತ್ತಿಗೂ ತಿಳಿಯದು. ಮಾರುವವನು ನನ್ನ ಮುಖ ನೋಡಿ ಕನಿಕರದಿಂದ ತಾನೇ ಒಂದನ್ನು ಆರಿಸಿ, ಚಾಕುವಿನಿಂದ ಮುಕ್ಕೋಣ ಕೊರೆದು ತೋರಿಸಿದ. ಕೆಂಪಗಿತ್ತು. ಮನೆಗೆ ತಂದು ಮಂಚದ ಮೇಲೆ ಅವಳ ಪಕ್ಕಕ್ಕೇ ಇಟ್ಟೆ. ಮೊದಲಾಗಿದ್ದರೆ, "ಇದ್ಯಾವ ಕುಂಬಳಕಾಯಿ ಹೊತ್ತ ತಂದೀರಿ?" ಎಂದು ಶುರುವಾಗಬೇಕಿತ್ತು. ಅದರ ಮೈಮೇಲೆ ಕೈಯಾಡಿಸಿ "ಚಲೋ ಅದ" ಅಂದಳು ಅಷ್ಟೆ. ಆ 'ಚಲೋ' ಕೇಳಿ ಕೇಳಿ ನನ್ನ ಕಿವಿ ಕೊಳೆತುಹೋಗಿತ್ತು.

ಇಲ್ಲಿ ಒಂದು ಶಬ್ದದ ಹಳೆಯ ಕಥೆ ಹೇಳಬೇಕು. ಮದುವೆಯಾದ ಹೊಸದರಲ್ಲಿ ಅವಳನ್ನು ಪುಣೆಯ ಪರ್ವತಿ ಗುಡ್ಡ ತೋರಿಸಲು ಕರೆದೊಯ್ದಿದ್ದೆ. ಮೆಟ್ಟಿಲು ಹತ್ತಿ ದಣಿದು, "ಏನರ ಖಾರಂದು ಕೊಡಸ್ರಿ" ಅಂದಳು. ಹೊಸ ಹೆಂಡತಿಯ ಮುಂದೆ ನನ್ನ ಮರಾಠಿಯ ಬಿಗುಮಾನ ನೋಡಬೇಕಿತ್ತು. ಶೇಂಗಾ ಪೊಟ್ಟಣ ಕಟ್ಟಿ ಮಾರುವವನಿಗೆ ಗತ್ತಿನಿಂದ, "ಖಾರೆ ದಾಣೆ ದ್ಯಾ" ಅಂದೆ. ಕೊಟ್ಟ. ಬಾಯಿಗೆ ಹಾಕಿಕೊಂಡ ಅವಳು, "ಖಾರ ಎಲ್ಲೈತ್ರಿ? ಬರೇ ಉಪ್ಪದ!" ಅಂದಳು. ಮರಾಠಿಯಲ್ಲಿ 'ಖಾರ' ಎಂದರೆ ಉಪ್ಪುಪ್ಪಾದದ್ದು, ನಮ್ಮ ಖಾರಕ್ಕೆ ಅವರು 'ತಿಖಟ' ಅನ್ನಬೇಕು. ಅಂದಿನಿಂದ ನಾನು ಯಾವುದರಲ್ಲಿ ದೊಡ್ಡಸ್ತಿಕೆ ತೋರಿಸಿದರೂ ಅವಳು "ಪರ್ವತಿ ಗುಡ್ಡದ ಶೇಂಗಾ" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಆ ಪಾಠ ಕಲಿತೆ, ಮತ್ತೆ ಆ ತಪ್ಪು ಮಾಡಲಿಲ್ಲ, ಈ ಬೇಸಿಗೆಯತನಕ.

ಅರ್ಧ ಹಣ್ಣನ್ನು ಹೋಳು ಮಾಡಿದೆ. ಬೀಜ ತೆಗೆಯುವ ಕೆಲಸ ಇದೆಯಲ್ಲ, ಶತ್ರುವಿಗೂ ಬೇಡ. ತೆಗೆದಷ್ಟೂ ಒಳಗಿಂದ ಇನ್ನೊಂದು ಕಣ್ಣು ಬಿಟ್ಟು ನೋಡುತ್ತಿತ್ತು. ಜೀರಿಗೆ ಹುರಿದು ಕುಟ್ಟಿದೆ. ಶೇಂಗಾ ಹುರಿದು, ಸಿಪ್ಪೆ ಊದಿ, ತರಿತರಿಯಾಗಿ ಪುಡಿ ಮಾಡಿದೆ. ಬೆಲ್ಲ ಹೆರೆದು ಹಾಕಿದೆ, ಪುದೀನ ಹರಿದು ಹಾಕಿದೆ, ಚಿಟಿಕೆ ಉಪ್ಪು ಉದುರಿಸಿದೆ. ಊರಿನಿಂದ ತಂದ ಬ್ಯಾಡಗಿ ಖಾರಪುಡಿಯ ಡಬ್ಬಿಯನ್ನು ಪಕ್ಕಕ್ಕೇ ಇಟ್ಟುಕೊಂಡೆ, ಕಡೆಗೆ ಹಾಕಲೆಂದು. ಆಮೇಲೆ ನೋಡಿದರೆ ಮನೆಯಲ್ಲಿ ಲಿಂಬೆಹಣ್ಣೇ ಇಲ್ಲ. ಇದ್ದ ಒಂದು ಒಣಗಿ ಗೋಟಾಗಿತ್ತು.

ಅದೇ ಹೊತ್ತಿಗೆ ಕೆಳಗಿನ ಮನೆಯ ವೈನಿ ಬಂದರು. ವೈನಿ ಅಂದರೆ ಅತ್ತಿಗೆ, ನೆರೆಯವರನ್ನು ಇಲ್ಲಿ ಹಾಗೇ ಕರೆಯುವುದು. ಅಪ್ಪಟ ಪುಣೆಯವರು, ಕನ್ನಡ ಒಂದಕ್ಷರ ಬಾರದು. ಆದರೆ ಇವಳು ಮಲಗಿದಾಗಿನಿಂದ ದಿನಾ ಮಜ್ಜಿಗೆ ತಂದುಕೊಟ್ಟು, ತಲೆ ಬಾಚಿ, ಜಡೆ ಹಾಕಿ ಹೋಗುವ ತಾಯಿ. ಅತ್ತ ಮಂಚದಿಂದ ಹೆಂಡತಿ, "ರೀ, ನನಗ ಹಸಿವಿಲ್ರಿ, ಸುಮ್ನ ಯಾಕ ತ್ರಾಸ ತಗೋತೀರಿ?" ಅನ್ನುತ್ತಿದ್ದಾಳೆ. ನಾನು, "ಖಾರ ಹಾಕಿದ್ರ ಮುಗೀತು, ತಡಿ" ಎಂದು ಕೂಗುತ್ತ ಚಪ್ಪಲಿ ಮೆಟ್ಟುತ್ತಿದ್ದೇನೆ. ಆ ಗಡಿಬಿಡಿಯಲ್ಲಿ ವೈನಿಯ ಕೈಗೆ ಚಮಚ ಕೊಟ್ಟು, "ವೈನಿ, ಜರಾ ಖಾರ ಕರಾ. ಚಾಂಗಲಂ ಖಾರ. ತಿಲಾ ಚವಚ ಲಾಗತ ನಾಹಿ" ಅಂದೆ. ಚೆನ್ನಾಗಿ ಖಾರ ಮಾಡಿ, ಅವಳಿಗೆ ರುಚಿಯೇ ಹತ್ತುವುದಿಲ್ಲ ಎಂದು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಇಷ್ಟು ವರ್ಷ ಮರಾಠಿಯಲ್ಲೇ ದುಡಿದು ಉಂಡರೂ ಬಾಯಿಂದ ಬಂದದ್ದು ನಮ್ಮವ್ವನ ಖಾರ. ನನಗೆ ಅದರ ಅರಿವೂ ಇರಲಿಲ್ಲ.

ಲಿಂಬೆಹಣ್ಣು ತೆಗೆದುಕೊಂಡು ಏದುಸಿರು ಬಿಡುತ್ತ ಬಂದಾಗ ವೈನಿ ಬೋಗುಣಿಯನ್ನು ಅಲ್ಲಾಡಿಸುತ್ತ ನಿಂತಿದ್ದರು. "ಚಾಂಗಲಂ ಖಾರ ಕೇಲಂ, ಭಾವಜಿ" ಅಂದರು. ಚೆನ್ನಾಗಿ ಖಾರ ಮಾಡಿದ್ದಾರೆ, ಇನ್ನೇನು ಬೇಕು? ಬೋಗುಣಿಯ ತಳದಲ್ಲಿ ಕೆಂಪು ನೀರು ಬಹಳ ಬಿಟ್ಟಿತ್ತು. ಹಣ್ಣು ರಸಭರಿತವಾಗಿದೆ ಎಂದುಕೊಂಡು ಹಿಗ್ಗಿದೆ ನಾನು, ದಡ್ಡ. ಲಿಂಬೆ ಹಿಂಡಿ, ಒಂದು ಬಟ್ಟಲಿಗೆ ಹಾಕಿ, ಮಂಚದ ಹತ್ತಿರ ಹೋಗಿ ಕೂತು, ಒಂದು ಹೋಳನ್ನು ಚಮಚದಲ್ಲಿ ಎತ್ತಿ ಅವಳ ಬಾಯಿಗಿಟ್ಟೆ.

ಅಗಿದಳು. ಈಗ ಬರುತ್ತದೆ ಆ ಹಾಳು 'ಚಲೋ ಆಗೇದ' ಎಂದು ನಾನು ಹಲ್ಲು ಕಚ್ಚಿ ಕೂತಿದ್ದೆ.

ಅವಳು ಮುಖ ಕಿವುಚಿದಳು. ಕಣ್ಣು ಮುಚ್ಚಿ, ಹೆಗಲು ಮೇಲೇರಿಸಿ, ಬಾಯೊಳಗಿದ್ದದ್ದನ್ನು ಅಂಗೈಗೆ ಉಗುಳಿದಳು.

"ಥೂ! ಅಯ್ಯ ಶಿವನ! ಏನ್ರೀ ಇದು? ಉಪ್ಪಿನ ಡಬ್ಬಿ ಬೋರಲ ಹಾಕೀರೇನು?"

ನನಗೆ ತಿಳಿಯಲಿಲ್ಲ. "ಏನಂದಿ?" ಅಂದೆ.

"ಉಪ್ಪರೀ, ಉಪ್ಪು! ಬಾಯಿ ಬೆಂದು ಹೋತು. ತಲಿ ಎಲ್ಲಿಟ್ಟ ಮಾಡೀರಿ? ಒಂದ್ ಹಣ್ಣು ಹೆಚ್ಚಿ ಕೊಡಾಕ ಬರಂಗಿಲ್ಲ ಅಂದ್ರ..."

ಅಲ್ಲಿಗೆ ನಿಂತಳು. ಮಾತು ಅವಳಿಗೇ ಕೇಳಿಸಿತು. ಬೆರಳನ್ನು ತುಟಿಗೆ ಒತ್ತಿ, ನಾಲಿಗೆಯ ತುದಿಯಿಂದ ಮುಟ್ಟಿ ನೋಡಿದಳು. "ಉಪ್ಪು" ಅಂದಳು ಮತ್ತೊಮ್ಮೆ, ಸಣ್ಣ ದನಿಯಲ್ಲಿ.

ನಾನು ಅತ್ತೆ. ತಡೆಯುವ ಪ್ರಯತ್ನವನ್ನೂ ಮಾಡಲಿಲ್ಲ, ಚಮಚ ಹಿಡಿದುಕೊಂಡೇ ಹುಡುಗರ ಹಾಗೆ ಹೋ ಎಂದು ಅತ್ತೆ. ಆ ಬೈಗುಳ ಕೇಳಿ ಎಷ್ಟು ದಿನವಾಗಿತ್ತು! ಅತ್ತ ವೈನಿ ಪಾಪ, ಗಂಡ ಅಳುತ್ತಿದ್ದಾನೆ, ಹೆಂಡತಿ ಉಗುಳುತ್ತಿದ್ದಾಳೆ, ತಾನೇನೋ ಅನಾಹುತ ಮಾಡಿದೆನೆಂದು ಗಾಬರಿಯಾಗಿ, "ತುಮ್ಹೀಚ ಮ್ಹಣಾಲಾತ ನಾ, ಖಾರ ಕರಾ!" ಅಂದರು. ನೀವೇ ತಾನೆ ಹೇಳಿದಿರಿ ಎಂದು. ಬೇಸಿಗೆಗೆ, ಬೆವರಿಗೆ, ಡಾಕ್ಟರೇ ಹೆಚ್ಚು ಉಪ್ಪು ಹೇಳಿರಬೇಕೆಂದು ತಿಳಿದು ಆ ಪುಣ್ಯಾತ್ಗಿತ್ತಿ ಕೈ ಬಿಚ್ಚಿಯೇ ಹಾಕಿದ್ದರು.

ನನಗಿಂತ ಮೊದಲು ಹೆಂಡತಿಗೆ ಹೊಳೆಯಿತು. "ಖಾರ ಕರಾ ಅಂದೀರೇನು? ಅಯ್ಯಯ್ಯ, ಪರ್ವತಿ ಗುಡ್ಡದ ಶೇಂಗಾ!" ಎಂದು ನಗಲು ಶುರು ಮಾಡಿದವಳಿಗೆ ಕೆಮ್ಮು ಬಂದು, ಕೆಮ್ಮಿನ ನಡುವೆಯೂ ನಗು ನಿಲ್ಲಲಿಲ್ಲ. "ಅಳಬ್ಯಾಡ್ರಿ, ವೈನಿ ನೋಡಾಕತ್ತಾರ" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸಿದಳು. ಆಮೇಲೆ ಅವಳೇ ಮರಾಠಿಯಲ್ಲಿ ವೈನಿಗೆ ಎಲ್ಲ ಬಿಡಿಸಿ ಹೇಳಿದಳು. ವೈನಿ ಅವಳ ಕೆನ್ನೆ ಸವರಿ ನೆಟಿಗೆ ಮುರಿದು, ಇಷ್ಟು ಉಪ್ಪಿನಿಂದ ದೃಷ್ಟಿಯೇ ತೆಗೆದಂತಾಯಿತು ಅಂದರು. ಅವರ ಕಣ್ಣಲ್ಲೂ ನೀರಿತ್ತು.

ಎಲ್ಲ ರುಚಿಯೂ ಅವತ್ತೇ ವಾಪಸು ಬಂತು ಎಂದರೆ ಸುಳ್ಳಾದೀತು. ಬೆಲ್ಲ ಬಾಯಿಗಿಟ್ಟು, "ಇದು ಇನ್ನೂ ತಿಳೀವಲ್ದು" ಅಂದಳು. ಲಿಂಬೆಯನ್ನು ನೆಕ್ಕಿ, "ಹುಳಿ ಅದ ಅನಸ್ತದ, ದೂರ ಅದ" ಅಂದಳು. ಆದರೆ ದಿಂಬಿಗೆ ಒರಗಿ ನೆಟ್ಟಗೆ ಕೂತಳು, ಹುಕುಂ ಶುರುವಾಯಿತು. "ಆ ನೀರು ಬಸೀರಿ. ಉಳದ ಹಣ್ಣೂ ಹೆಚ್ಚಿ ಕಲಸ್ರಿ. ಹಿಂಡಬ್ಯಾಡ್ರಿ, ಮೆಲ್ಲಕ. ಇನ್ನೊಂದು ಲಿಂಬಿ. ಖಾರಪುಡಿ ಡಬ್ಬಿ ಇಲ್ಲಿ ತರ್ರಿ, ನಿಮ್ಮ ಕೈಯಾಗ ಬ್ಯಾಡ." ನಾನೂ ವೈನಿಯೂ ಮದುವೆ ಮನೆಯ ಅಡುಗೆಯವರ ಹಾಗೆ ಓಡಾಡಿದೆವು. ಕಡೆಗೆ ಆಕೆ ಬಲಗೈಯ ಅಂಗೈ ಚಾಚಿದಳು. ನಾನು ಒಂದು ಹನಿ ರಸ ಬಿಟ್ಟೆ. ನೆಕ್ಕಿ ಕಣ್ಣು ಮುಚ್ಚಿದಳು.

ಆಮೇಲೆ ಬಟ್ಟಲನ್ನು ತಾನೇ ಎತ್ತಿಕೊಂಡು ಅರ್ಧ ತಿಂದಳು. ಮರುದಿನವೂ ಅದನ್ನೇ ಕೇಳಿದಳು, ಅದರ ಜೊತೆಗೆ ಒಂದು ರೊಟ್ಟಿ. ಮುಂದಿನ ವಾರ ಅವಳು ದವಾಖಾನೆಯ ತಕ್ಕಡಿ ಹತ್ತಿ ಇಳಿದ ಮೇಲೆ ನಾವಿಬ್ಬರೂ ಮನೆಗೇ ಬಂದೆವು. ಆದರೆ ನನಗೆ ನೆನಪಿನಲ್ಲಿ ಉಳಿದದ್ದು ಆ ಮೊದಲ ದಿನವೇ. ವೈನಿ ಹೋದ ಮೇಲೆ ಆಕೆ ಉಳಿದ ಅರ್ಧ ಬಟ್ಟಲನ್ನು ನನ್ನ ಕೈಗಿಟ್ಟು, ನಾನು ಎರಡು ಹೋಳು ತಿನ್ನುವತನಕ ನನ್ನ ಮುಖವನ್ನೇ ನೋಡುತ್ತ ಕೂತಿದ್ದಳು.

"ಹೆಂಗಾಗೇದ?" ಅಂದಳು.

"ಚಲೋ ಆಗೇದ" ಅಂದೆ.

"ಸುಳ್ಳ ಹೇಳಬ್ಯಾಡ್ರಿ. ಇನ್ನೂ ಉಪ್ಪದ."