ಬಾಷಾ ಚಾಚಾರ ಅಂಗೈ

ಶಾಖ ತೋರಿಸುವ ಕ್ಯಾಮೆರಾ ಹಿಡಿದು ರಾಮನಗರದ ಒಂದು ರೇಷ್ಮೆ ನೂಲು ತೆಗೆಯುವ ಫಿಲೇಚರ್‌ಗೆ ಹೋಗಿದ್ದೆ. ಕರೆಂಟಿನ ಪೆಟ್ಟಿಗೆ ಎಲ್ಲಾದರೂ ಕಾದಿದ್ದರೆ ಅದರ ಪರದೆಯಲ್ಲಿ ಬೆಳ್ಳಗೆ ಕಾಣುತ್ತದೆ. ಬಾಗಿಲಲ್ಲೇ ಅದರ ಯಜಮಾನ ಬಾಷಾ ಚಾಚಾ ತಡೆದರು. ಮೂವತ್ತು ವರ್ಷ ಕುದಿಯುವ ನೀರಲ್ಲಿ ಕೈಯಾಡಿಸಿ ಗೂಡಿನಿಂದ ನೂಲು ಬಿಚ್ಚಿದವರು.

‘ಇದಕ್ಕೆ ಮಿಷಿನ್ ಯಾಕಪ್ಪಾ? ದಿನಾ ಬೆಳಿಗ್ಗೆ ನಾನೇ ಅಂಗೈ ಇಟ್ಟು ನೋಡ್ತೀನಿ’ ಎಂದು ಮೇನ್ ಸ್ವಿಚ್ಚಿನ ಕಬ್ಬಿಣದ ಪೆಟ್ಟಿಗೆಯ ಮೇಲೆ ಕೈ ಇಟ್ಟರು. ‘ಒಸಿ ಬೆಚ್ಚಗೈತೆ, ಅಷ್ಟೇಯ.’

ನಂಬಿಕೊಂಡು ನಾನೂ ಇಟ್ಟೆ. ಚುರ್ ಅಂದಿತು. ಬೆರಳು ಬಾಯಿಗಿಟ್ಟುಕೊಂಡೇ ಕ್ಯಾಮೆರಾ ಎತ್ತಿದೆ. ಇಡೀ ಪೆಟ್ಟಿಗೆ ಬೆಳ್ಳಗಿತ್ತು. ಕರೆಂಟು ತೆಗೆಸಿ ಬಿಚ್ಚಿದರೆ, ಸಡಿಲವಾಗಿದ್ದ ವೈರಿನ ಪ್ಲಾಸ್ಟಿಕ್ ಕರಗಿ ಕೆಳಗಿಳಿದಿತ್ತು. ಅದರಡಿಯಲ್ಲೇ ಒಲೆಗೆ ಕೂಡಿಟ್ಟ ಕಡ್ಲೆಕಾಯಿ ಸಿಪ್ಪೆಯ ಮೂಟೆಗಳು, ಪಕ್ಕದಲ್ಲಿ ನೂಲು ಬಿಚ್ಚುತ್ತಾ ಕೂತ ಅವರ ಸೊಸೆ. ಒಂದು ಕಿಡಿ ಸಾಕಿತ್ತು.

ಚಾಚಾ ಅಂಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ‘ಇದನ್ನ ನಂಬ್ಕಂಡು ಅವಳನ್ನ ಅಲ್ಲಿ ಕೂರಿಸಿದ್ನಲ್ಲಪ್ಪಾ’ ಎಂದರು.

ವೈರು ಬದಲಾಯಿಸಿದ ಮೇಲೆ ಅವರೇ ಚಹಾ ತಂದರು. ‘ಆರೋಗೈತೆ, ಬೇಗ ಕುಡಿ’ ಅಂದರು. ನಾನು ಮೊದಲು ಲೋಟದ ಕಡೆಗೆ ಕ್ಯಾಮೆರಾ ಹಿಡಿದೆ.